ತಲೆಗೆ ಒಪ್ಪುವ ಕ್ಷೌರ: ಒಂದು ವ್ಯಾವಹಾರಿಕ ವಿವೇಚನೆ

‘ಹೇರ್‌ಕಟ್’ ಎಂಬ ಪದವನ್ನು ಕೇಳಿದೊಡನೆ ನಮ್ಮ ಸದಸ್ಯರಲ್ಲಿ ಹಲವರಿಗೆ ನೆನಪಾಗುವುದು ಬಾಕಿ ವಸೂಲಿಯ ಸಂಕಟ. 2016ರ ದಿವಾಳಿ ಸಂಹಿತೆ ಬಂದ ಮೇಲೆ, ಮುಳುಗಿದ ಕಂಪನಿಯಿಂದ ಬರಬೇಕಾದ ಮೊತ್ತದಲ್ಲಿ ಸಾಲ ಕೊಟ್ಟವರು ಬಿಟ್ಟುಕೊಡುವ ಪಾಲಿಗೆ ಹಣಕಾಸು ವಲಯದಲ್ಲಿ ಇದೇ ಹೆಸರು ರೂಢಿಯಲ್ಲಿದೆ. ಮಾಲು ಕೊಟ್ಟು ಕಾದು ಕುಳಿತ ಸಣ್ಣ ವ್ಯಾಪಾರಿಗಂತೂ ಅದು ಕ್ಷೌರಕ್ಕಿಂತ ತಲೆ ಬೋಳಿಸಿದಂತೆಯೇ ಸರಿ. ಆದರೆ ಈ ಲೇಖನದ ವಿಷಯ ಆ ಹೇರ್‌ಕಟ್ ಅಲ್ಲ. ಪ್ರತಿ ತಿಂಗಳೂ ನಾವೆಲ್ಲರೂ ಕುರ್ಚಿಯ ಮೇಲೆ ಕುಳಿತು, ಕೊರಳಿಗೆ ಬಟ್ಟೆ ಕಟ್ಟಿಸಿಕೊಂಡು ಮಾಡಿಸಿಕೊಳ್ಳುವ ನಿಜವಾದ ಕ್ಷೌರದ ಬಗ್ಗೆ ನಾಲ್ಕು ಮಾತು ಹೇಳಬೇಕಾಗಿದೆ.

ತೆರಿಗೆ, ಸಾಲ, ಸರಕು ಸಾಗಣೆಗಳ ಚರ್ಚೆ ನಡೆಯುವ ಈ ಪುಟಗಳಲ್ಲಿ ಇದು ಹಗುರ ವಿಷಯವೆಂದು ಕೆಲವರಿಗೆ ತೋರಬಹುದು. ‘ಊಟ ತನ್ನಿಚ್ಛೆ, ನೋಟ ಪರರಿಚ್ಛೆ’ ಎಂದು ನಮ್ಮ ಹಿರಿಯರು ಹೇಳಿದ್ದಾರೆ. ವ್ಯಾಪಾರಸ್ಥನ ಜೀವನವೆಲ್ಲ ಪರರ ನೋಟದ ಎದುರಿನಲ್ಲೇ ಸಾಗುತ್ತದೆ. ಗಿರಾಕಿ ಮಳಿಗೆಗೆ ಬಂದಾಗ ಮೊದಲು ಕಾಣುವುದು ಗಲ್ಲೆಯ ಹಿಂದಿರುವ ಮುಖ. ಆಮೇಲೆ ಮಾಲು, ಆಮೇಲೆ ದರ. ಹೀಗಿದ್ದರೂ ಒಂದು ತೂಕದ ಯಂತ್ರವನ್ನು ಕೊಳ್ಳುವಾಗ ನಾಲ್ಕು ಕಡೆ ವಿಚಾರಿಸುವ ನಾವು, ತಲೆಯ ವಿಷಯದಲ್ಲಿ ಮಾತ್ರ ಎರಡು ಅತಿಗಳಿಗೆ ಹೋಗುತ್ತೇವೆ. ಹಿರಿಯರು ಮೂವತ್ತು ವರ್ಷಗಳ ಹಿಂದಿನ ಕ್ರಾಪನ್ನೇ, ಅದಕ್ಕೆ ಬೇಕಾದ ಕೂದಲು ಉಳಿದಿಲ್ಲದಿದ್ದರೂ ಮುಂದುವರಿಸುತ್ತಾರೆ. ಕಿರಿಯರು ಮೊಬೈಲಿನಲ್ಲಿ ಯಾವುದೋ ನಟನ ಚಿತ್ರ ತೋರಿಸಿ ‘ಹೀಗೇ ಮಾಡಿ’ ಎನ್ನುತ್ತಾರೆ. ತನ್ನ ತಲೆ, ತನ್ನ ಕೆಲಸ, ತನ್ನ ಬಿಡುವು ಈ ಮೂರಕ್ಕೂ ಹೊಂದುವುದೇ ಒಪ್ಪುವ ಕ್ಷೌರ. ಅದನ್ನು ಚಿತ್ರವಾಗಲಿ, ಮನೆಯ ಯಜಮಾನನ ಅಪ್ಪಣೆಯಾಗಲಿ ನಿರ್ಧರಿಸಲಾರದು ಎಂಬುದು ನನ್ನ ಅಭಿಪ್ರಾಯ.

ಬದಲಾವಣೆ ಹೊಸತೇನಲ್ಲ

ಇಂದು ‘ನಮ್ಮ ಕಾಲದ ಶಿಸ್ತಿನ ಕ್ರಾಪು’ ಎಂದು ಹಿರಿಯರು ಯಾವುದನ್ನು ಹೊಗಳುತ್ತಾರೋ, ಅದೇ ಕ್ರಾಪು ಒಂದು ಕಾಲದಲ್ಲಿ ಮನೆಮನೆಯ ಜಗಳಕ್ಕೆ ಕಾರಣವಾಗಿತ್ತು. ಜುಟ್ಟು ತೆಗೆಸಿ ಕ್ರಾಪು ಬಿಟ್ಟ ಮಗನನ್ನು ಪಂಕ್ತಿಯಿಂದ ಹೊರಗಿಟ್ಟ ತಂದೆಯರಿದ್ದರು. ಎಪ್ಪತ್ತರ ದಶಕದಲ್ಲಿ ಕಿವಿ ಮುಚ್ಚುವ ಕೂದಲು, ದವಡೆಯವರೆಗಿನ ಸೈಡ್‌ಲಾಕ್ ಬಂದಾಗಲೂ ಇದೇ ಗೊಣಗಾಟ ಕೇಳಿಬಂತು. ಮಹೇಂದ್ರ ಸಿಂಗ್ ಧೋನಿ ಭಾರತ ತಂಡಕ್ಕೆ ಬಂದ ಹೊಸದರಲ್ಲಿ ಅವರ ನೀಳ ಕೂದಲನ್ನು ಅನುಕರಿಸಿದ ಹುಡುಗರು ಊರೂರಿನಲ್ಲಿದ್ದರು. 2007ರ ಟಿ-20 ವಿಶ್ವಕಪ್ ಗೆದ್ದ ಬಳಿಕ ಧೋನಿಯೇ ಅದನ್ನು ಕತ್ತರಿಸಿಕೊಂಡರು. 2018ರಲ್ಲಿ ‘ಕೆ.ಜಿ.ಎಫ್.’ ಚಲನಚಿತ್ರ ಬಂದ ಮೇಲೆ ಗಡ್ಡ ಮತ್ತು ಉದ್ದ ಕೂದಲಿನ ಸರದಿ ಬಂತು.

ಇಲ್ಲಿ ಗಮನಿಸಬೇಕಾದ ಅಂಶವೆಂದರೆ, ನಟರಿಗೆ ಹಾಗೂ ಪ್ರಸಿದ್ಧ ಆಟಗಾರರಿಗೆ ಕೇಶವೂ ವೃತ್ತಿಯ ಒಂದು ಅಂಗ. ಚಿತ್ರೀಕರಣದ ಸ್ಥಳದಲ್ಲಿ ಅದನ್ನು ನೋಡಿಕೊಳ್ಳಲು ಪ್ರತ್ಯೇಕ ಸಿಬ್ಬಂದಿ ಇರುತ್ತಾರೆ. ಪ್ರತಿ ದೃಶ್ಯಕ್ಕೂ ಮುನ್ನ ಬಾಚಿ, ಜೆಲ್ ಹಚ್ಚಿ, ಬೆಳಕನ್ನು ಸರಿಪಡಿಸಿ ತೆಗೆದ ಚಿತ್ರವನ್ನು, ಬೆಳಿಗ್ಗೆ ಎಂಟಕ್ಕೆ ಷಟರ್ ಎತ್ತಿ ರಾತ್ರಿ ಒಂಬತ್ತಕ್ಕೆ ಇಳಿಸುವ ವ್ಯಾಪಾರಿಯ ತಲೆಯ ಮೇಲೆ ಪ್ರತಿಷ್ಠಾಪಿಸುವುದು ಹೇಗೆ ಸಾಧ್ಯ? ದೊಡ್ಡ ಕಾರ್ಖಾನೆಯ ಯೋಜನಾ ವರದಿಯನ್ನು ನಕಲು ಮಾಡಿ ಸಣ್ಣ ಘಟಕಕ್ಕೆ ಸಾಲ ಕೇಳಿದಂತೆ ಅದು.

ಮೊದಲು ತಲೆಯನ್ನು ಅರಿಯಬೇಕು

ಯಾವ ಶೈಲಿಯನ್ನು ಆರಿಸುವ ಮುನ್ನವೂ ಕೈಯಲ್ಲಿರುವ ಆಸ್ತಿಯ ಪರಿಶೀಲನೆ ಆಗಬೇಕು. ಕನ್ನಡಿಯ ಮುಂದೆ ನಿಂತು ಈ ಕೆಳಗಿನ ಅಂಶಗಳನ್ನು ಗಮನಿಸುವುದು ಒಳ್ಳೆಯದು.

ಮೊದಲನೆಯದು ಸುಳಿ. ನೆತ್ತಿಯ ಹಿಂಭಾಗದಲ್ಲಿ ಕೂದಲು ಯಾವ ದಿಕ್ಕಿಗೆ ಸುತ್ತುತ್ತದೆ ಎಂಬುದು ಹುಟ್ಟಿನಿಂದ ಬಂದದ್ದು. ಅದನ್ನು ಬಾಚಣಿಗೆಯಿಂದಾಗಲಿ ಎಣ್ಣೆಯಿಂದಾಗಲಿ ಶಾಶ್ವತವಾಗಿ ತಿರುಗಿಸಲಾಗದು. ಎರಡು ಸುಳಿಯಿದ್ದವನಿಗೆ ಎರಡು ಮದುವೆ ಎಂಬ ಮಾತಿನಲ್ಲಿ ಎಷ್ಟು ಸತ್ಯವಿದೆಯೋ ಕಾಣೆ. ಎರಡು ಸುಳಿಯಿದ್ದವನ ನೆತ್ತಿಯ ಕೂದಲು ಅರೆಬರೆ ಕತ್ತರಿಸಿದರೆ ಎದ್ದು ನಿಲ್ಲುತ್ತದೆ ಎಂಬುದು ಮಾತ್ರ ಸತ್ಯ. ಸುಳಿಯ ಜಾಗದಲ್ಲಿ ಕೂದಲನ್ನು ತನ್ನ ಭಾರಕ್ಕೆ ತಾನೇ ಮಲಗುವಷ್ಟು ಉದ್ದ ಬಿಡಬೇಕು ಅಥವಾ ಪೂರ್ತಿ ಗಿಡ್ಡ ಮಾಡಬೇಕು. ಬೈತಲೆಯನ್ನೂ ಕೂದಲು ತಾನಾಗಿ ಹೊರಳುವ ದಿಕ್ಕನ್ನು ನೋಡಿಯೇ ತೆಗೆಯಬೇಕು.

ಎರಡನೆಯದು ಕೂದಲಿನ ಸ್ವಭಾವ. ಒರಟಾದ ನೇರ ಕೂದಲು ಕಿವಿಯ ಮೇಲ್ಭಾಗದಲ್ಲಿ ಒಂದೆರಡು ಸೆಂಟಿಮೀಟರ್ ಇದ್ದಾಗ ಪೊರಕೆಯಂತೆ ಹೊರಚಾಚುತ್ತದೆ. ಅಂಥವರು ಪಕ್ಕಗಳನ್ನು ಗಿಡ್ಡವಾಗಿ ಇಡುವುದೇ ಲೇಸು. ಗುಂಗುರು ಕೂದಲು ಒಣಗಿದ ಮೇಲೆ ಕುಗ್ಗುವುದರಿಂದ, ಒದ್ದೆಯಿದ್ದಾಗ ಕಾಣುವ ಉದ್ದವನ್ನು ನಂಬಿ ಕತ್ತರಿಸಬಾರದು. ತೆಳುವಾದ ಕೂದಲು ಉದ್ದ ಬಿಟ್ಟಷ್ಟೂ ಇನ್ನಷ್ಟು ತೆಳುವಾಗಿ, ಗಿಡ್ಡ ಮಾಡಿದಷ್ಟೂ ದಟ್ಟವಾಗಿ ಕಾಣುತ್ತದೆ.

ಮೂರನೆಯದು ಮುಖ ಮತ್ತು ಕತ್ತು. ದುಂಡು ಮುಖದವರಿಗೆ ಪಕ್ಕದಲ್ಲಿ ಗಿಡ್ಡ, ನೆತ್ತಿಯಲ್ಲಿ ಸ್ವಲ್ಪ ಎತ್ತರ ಒಪ್ಪುತ್ತದೆ. ಉದ್ದ ಮುಖದವರು ಎತ್ತರ ಕೂರಿಸಿ ಪಕ್ಕಗಳನ್ನು ಬೋಳು ಮಾಡಿಸಿದರೆ ಮುಖ ಇನ್ನೂ ನೀಳವಾಗುತ್ತದೆ. ಕಿವಿ ದೊಡ್ಡದಿದ್ದವರು ಪಕ್ಕದ ಕೂದಲನ್ನು ತೀರ ಇಳಿಸಬಾರದು. ಗಿಡ್ಡ ಕತ್ತಿನವರು ಹಿಂಭಾಗದಲ್ಲಿ ಚೌಕ ಗೆರೆ ಎಳೆಸುವುದಕ್ಕಿಂತ ಕ್ರಮೇಣ ಇಳಿಯುವಂತೆ ತೆಗೆಸಿದರೆ ಕತ್ತು ನೀಳವಾಗಿ ತೋರುತ್ತದೆ. ಇವು ಶಾಸನಗಳಲ್ಲ, ಆದರೆ ಅನುಭವಿ ಕ್ಷೌರಿಕರು ಹೇಳದೆಯೇ ಪಾಲಿಸುವ ಸೂತ್ರಗಳು.

ನಾಲ್ಕನೆಯದು ನಮ್ಮ ವಯಸ್ಸಿನವರು ಒಪ್ಪಿಕೊಳ್ಳಲು ಹಿಂಜರಿಯುವ ವಿಷಯ: ಹಣೆ ಹಿಂದೆ ಸರಿಯುವುದು, ನೆತ್ತಿ ತೆರೆದುಕೊಳ್ಳುವುದು. ದಿನಕ್ಕೆ 50ರಿಂದ 100 ಕೂದಲು ಉದುರುವುದು ಸಹಜ. ಆದರೆ ಗಂಡಸರಲ್ಲಿ ಎರಡು ಕಪೋಲಗಳ ಮೇಲ್ಭಾಗದಿಂದ ಮತ್ತು ನೆತ್ತಿಯಿಂದ ಕೂದಲು ವಿರಳವಾಗುವುದು ಬಹುಪಾಲು ವಂಶವಾಹಿ ಮತ್ತು ಹಾರ್ಮೋನಿನ ಕಾರಣದಿಂದ. ಒಂದು ಪಕ್ಕದ ಕೂದಲನ್ನು ಬೆಳೆಸಿ ಬೋಳಿನ ಮೇಲೆ ಹಾಯಿಸುವ ಪದ್ಧತಿ ನಮ್ಮಲ್ಲಿ ಬಹಳ. ಲೆಕ್ಕಪತ್ರದ ಭಾಷೆಯಲ್ಲಿ ಹೇಳುವುದಾದರೆ, ವಸೂಲಾಗದ ಬಾಕಿಯನ್ನು ವರ್ಷವರ್ಷವೂ ಆಸ್ತಿಯ ಪಟ್ಟಿಯಲ್ಲಿ ತೋರಿಸಿದಂತೆ ಅದು. ಫ್ಯಾನಿನ ಒಂದು ಗಾಳಿಗೆ ಆಯವ್ಯಯ ಬಯಲಾಗುತ್ತದೆ. ಉಳಿದ ಕೂದಲನ್ನು ಸಮನಾಗಿ ಗಿಡ್ಡ ಮಾಡಿಸಿದರೆ ಬೋಳಿಗೂ ಕೂದಲಿಗೂ ಇರುವ ಅಂತರ ಕಡಿಮೆಯಾಗಿ ಮುಖಕ್ಕೆ ಒಂದು ಗಾಂಭೀರ್ಯ ಬರುತ್ತದೆ. ಹಠಾತ್ತನೆ ಕಾಸಿನಗಲ ಕೂದಲು ಉದುರಿದರೆ ಮಾತ್ರ ಅದು ಕ್ಷೌರದ ಪ್ರಶ್ನೆಯಲ್ಲ, ಚರ್ಮವೈದ್ಯರನ್ನು ಕಾಣಬೇಕು.

ನರೆಗೂದಲಿಗೆ ಬಣ್ಣ ಹಚ್ಚುವವರು ಒಂದು ಸಂಗತಿಯನ್ನು ಲೆಕ್ಕಕ್ಕೆ ತೆಗೆದುಕೊಳ್ಳಬೇಕು. ಕೂದಲು ತಿಂಗಳಿಗೆ ಸುಮಾರು 1ರಿಂದ 1.25 ಸೆಂಟಿಮೀಟರ್ ಬೆಳೆಯುತ್ತದೆ. ಅಂದರೆ ಮೂರು ವಾರ ಕಳೆಯುವಷ್ಟರಲ್ಲಿ ಬೈತಲೆಯ ಬುಡದಲ್ಲಿ ಬಿಳಿಯ ಗೆರೆ ಎದ್ದು ಕಾಣುತ್ತದೆ. ಬಣ್ಣ ಹಚ್ಚುವುದಾದರೆ ಕೊನೆಯವರೆಗೂ ಹಚ್ಚುತ್ತಿರಬೇಕು. ಅನೇಕ ಕಪ್ಪು ಬಣ್ಣಗಳಲ್ಲಿ ಮತ್ತು ‘ಕಪ್ಪು ಮೆಹೆಂದಿ’ ಎಂಬ ಹೆಸರಿನ ಪುಡಿಗಳಲ್ಲಿ ಇರುವ ಪಿ.ಪಿ.ಡಿ. ಎಂಬ ರಾಸಾಯನಿಕ ಕೆಲವರ ಚರ್ಮಕ್ಕೆ ಒಗ್ಗುವುದಿಲ್ಲ. ಆದುದರಿಂದ 48 ಗಂಟೆ ಮುಂಚಿತವಾಗಿ ಕಿವಿಯ ಹಿಂದೆ ಸ್ವಲ್ಪ ಹಚ್ಚಿ ಪರೀಕ್ಷಿಸಬೇಕು.

ಕೆಲಸಕ್ಕೆ ಒಪ್ಪಬೇಕು

ತಲೆಗೆ ಒಪ್ಪಿದ್ದು ಕೆಲಸಕ್ಕೂ ಒಪ್ಪಬೇಕೆಂಬ ನಿಯಮವಿಲ್ಲ. ಮಾರುಕಟ್ಟೆಗೂ ಬ್ಯಾಂಕಿಗೂ ದ್ವಿಚಕ್ರ ವಾಹನದಲ್ಲಿ ಓಡಾಡುವವರು ಹೆಲ್ಮೆಟ್ ಧರಿಸಲೇಬೇಕು. ಹಣೆಯ ಮೇಲೆ ನಿಲ್ಲಿಸಿ ಕಟ್ಟಿದ ಕೂದಲು ಹೆಲ್ಮೆಟಿನೊಳಗೆ ಹತ್ತು ನಿಮಿಷವೂ ಬಾಳದು. ದಿನಕ್ಕೆ ನಾಲ್ಕು ಬಾರಿ ಹೆಲ್ಮೆಟ್ ಹಾಕಿ ತೆಗೆಯುವವರಿಗೆ, ಬೆರಳಾಡಿಸಿದರೆ ಸ್ವಸ್ಥಾನಕ್ಕೆ ಬರುವ ಗಿಡ್ಡ ಕ್ರಾಪೇ ಸರಿ. ಕಲಬುರಗಿ, ರಾಯಚೂರಿನ ಕಡೆಯ ಬೇಸಿಗೆಯಲ್ಲಿ ‘ಸಮ್ಮರ್ ಕಟ್’ ಜನಪ್ರಿಯವಾದದ್ದು ಫ್ಯಾಷನ್ನಿನಿಂದಲ್ಲ, ಬೆವರಿನಿಂದ.

ಸಣ್ಣ ಕೈಗಾರಿಕೆಯವರಿಗೆ ಇದು ಕೇವಲ ಅಂದಚಂದದ ಮಾತಾಗಿ ಉಳಿಯುವುದಿಲ್ಲ. ಚಲಿಸುತ್ತಿರುವ ಯಂತ್ರವನ್ನು ಪರೀಕ್ಷಿಸುವ ಕೆಲಸಗಾರನು ಮೈಗೆ ಅಂಟಿದ ಉಡುಪು ಧರಿಸಿರಬೇಕೆಂದು 1948ರ ಕಾರ್ಖಾನೆ ಕಾಯ್ದೆಯಲ್ಲೇ ವಿಧಿಸಲಾಗಿತ್ತು. ಸಡಿಲ ತೋಳಿಗೆ ಅನ್ವಯಿಸುವ ಕಾರಣವೇ ಸಡಿಲ ಕೂದಲಿಗೂ ಅನ್ವಯಿಸುತ್ತದೆ. ಲೇಥ್, ಡ್ರಿಲ್ಲಿಂಗ್ ಯಂತ್ರ, ಬೆಲ್ಟು ಓಡುವ ಚಕ್ರ ಇವುಗಳ ಮೇಲೆ ಬಗ್ಗಿ ಕೆಲಸ ಮಾಡುವವನ ಹಣೆಯಿಂದ ಜೋಲುವ ಕೂದಲು ತಿರುಗುವ ಭಾಗಕ್ಕೆ ಸಿಕ್ಕಿದರೆ, ಸ್ವಿಚ್ಚು ಆರಿಸುವಷ್ಟರಲ್ಲಿ ಆಗಬಾರದ್ದು ಆಗಿರುತ್ತದೆ. ಉಪ್ಪಿನಕಾಯಿ, ಹಪ್ಪಳ, ಬೇಕರಿ ಘಟಕಗಳಲ್ಲಿ ಪೊಟ್ಟಣದೊಳಗೆ ಒಂದು ಕೂದಲು ಸಿಕ್ಕರೆ ಹತ್ತು ವರ್ಷಗಳ ಹೆಸರು ಹೋದಂತೆ. ಇಂಥ ಕಡೆ ಕೂದಲು ಗಿಡ್ಡವಿರಬೇಕು ಅಥವಾ ಕಟ್ಟಿ ಟೋಪಿಯೊಳಗೆ ಸೇರಿರಬೇಕು ಎಂದು ಮಾಲೀಕರು ಆಗ್ರಹಿಸುವುದು ನ್ಯಾಯ. ಆ ನಿಯಮ ಮಾಲೀಕನಿಗೂ ಅವನ ಮಗನಿಗೂ ಅನ್ವಯಿಸಬೇಕು. ಧರ್ಮಾಚರಣೆಯಿಂದ ಕೇಶ ಬಿಡುವವರಿಗೆ, ಹರಕೆ ಹೊತ್ತವರಿಗೆ ಕಟ್ಟಿಕೊಳ್ಳುವ ಅನುಕೂಲವಿರಬೇಕು.

ಆದರೆ ಈ ಆಗ್ರಹ ಸುರಕ್ಷತೆ ಮತ್ತು ಶುಚಿತ್ವದ ಗಡಿಯಲ್ಲೇ ನಿಲ್ಲಬೇಕೆಂದು ನಾನು ಒತ್ತಿ ಹೇಳುತ್ತೇನೆ. ಗೋದಾಮಿನಲ್ಲಿ ಲೆಕ್ಕ ಬರೆಯುವ ಹುಡುಗನ ತಲೆಯ ಪಕ್ಕದಲ್ಲಿ ಎರಡು ಗೆರೆ ಎಳೆಸಿದ್ದರೆ ದಾಸ್ತಾನಿನ ಲೆಕ್ಕ ತಪ್ಪುವುದಿಲ್ಲ. ‘ಕೂದಲು ಸರಿಮಾಡಿಸಿಕೊಂಡು ಬಂದರೆ ಬಾ’ ಎಂದು ಎಲ್ಲರೆದುರು ಹೇಳಿ ಕಳುಹಿಸಿದ ಮಾಲೀಕರು, ಆ ಹುಡುಗ ಮರುದಿನ ಪಕ್ಕದ ಮಳಿಗೆಯಲ್ಲಿ ಕೆಲಸಕ್ಕೆ ನಿಂತಾಗ ಆಶ್ಚರ್ಯಪಡಬಾರದು. ನುರಿತ ಕೆಲಸಗಾರರು ದೊರೆಯುವುದೇ ದುರ್ಲಭವಾಗಿರುವಾಗ ಅಭಿರುಚಿಯ ಭಿನ್ನತೆಗಾಗಿ ಅವರನ್ನು ಕಳೆದುಕೊಳ್ಳುವುದು ವಿವೇಕವಲ್ಲ.

ಇದೇ ಮಾತು ತಂದೆ-ಮಕ್ಕಳಿಗೂ ಸಲ್ಲುತ್ತದೆ. ‘ಈ ತಲೆ ಹೊತ್ತು ಗಲ್ಲೆಯ ಮೇಲೆ ಕೂರಬೇಡ’ ಎನ್ನುವ ತಂದೆಯ ಚಿಂತೆ ಅರ್ಥವಾಗುವಂಥದ್ದೇ. ಹಳೆಯ ಗಿರಾಕಿಗಳ ವಿಶ್ವಾಸ ಅವರ ಆಯುಷ್ಯದ ಗಳಿಕೆ. ಆದರೆ ಓದು ಮುಗಿಸಿದ ಮಕ್ಕಳು ಪಿತ್ರಾರ್ಜಿತ ವ್ಯಾಪಾರಕ್ಕೆ ಬರಲೊಲ್ಲರೆಂದು ನಮ್ಮ ಸಭೆಗಳಲ್ಲಿ ಕೊರಗುವವರೂ ಇದೇ ತಂದೆಯರು. ಬಂದ ಮಗನನ್ನು ಮೊದಲ ದಿನವೇ ಕೂದಲಿನ ಕಾರಣಕ್ಕೆ ದೂರ ಮಾಡಿಕೊಳ್ಳುವುದು ಸರಿಯೇ? ಗಿರಾಕಿಗೆ ಬೇಕಾದದ್ದು ಶುಚಿ, ಸೌಜನ್ಯ, ಸರಿಯಾದ ತೂಕ. ಈ ಮೂರು ಇದ್ದರೆ ಕ್ರಾಪಿನ ವಿಷಯವನ್ನು ಮಗನಿಗೂ ಅವನ ಕ್ಷೌರಿಕನಿಗೂ ಬಿಡಬಹುದು. ಕಾಲ ಕಳೆದಂತೆ ಕೆಲಸವೇ ಅವನ ತಲೆಯನ್ನು ತಿದ್ದುತ್ತದೆ.

ನಿರ್ವಹಣೆಯ ಲೆಕ್ಕ

ಯಂತ್ರ ಕೊಳ್ಳುವಾಗ ನಾವು ಬೆಲೆಯ ಜೊತೆಗೆ ನಿರ್ವಹಣಾ ವೆಚ್ಚವನ್ನೂ ಕೇಳುತ್ತೇವೆ. ಕ್ಷೌರದಲ್ಲಿ ಇದನ್ನು ಕೇಳುವವರು ವಿರಳ. ಪಕ್ಕಗಳನ್ನು ಚರ್ಮ ಕಾಣುವಷ್ಟು ಇಳಿಸುವ ‘ಫೇಡ್’ ಶೈಲಿಯನ್ನೇ ನೋಡೋಣ. 15 ದಿನಗಳಲ್ಲಿ ಕೂದಲು ಸುಮಾರು 6 ಮಿಲಿಮೀಟರ್ ಬೆಳೆಯುತ್ತದೆ ಎಂದಿಟ್ಟುಕೊಳ್ಳಿ. ಪಕ್ಕದಲ್ಲಿ 3 ಮಿಲಿಮೀಟರ್ ಇದ್ದದ್ದು 9 ಆಗುತ್ತದೆ, ಅಂದರೆ ಮೂರು ಪಟ್ಟು. ನೆತ್ತಿಯಲ್ಲಿ 60 ಮಿಲಿಮೀಟರ್ ಇದ್ದದ್ದು 66 ಆಗುತ್ತದೆ, ಅಂದರೆ ಶೇ. 10 ಮಾತ್ರ ಏರಿಕೆ. ಬೆಳವಣಿಗೆ ಎರಡೂ ಕಡೆ ಒಂದೇ. ಆಕಾರ ಕೆಡುವುದು ಮಾತ್ರ ಗಿಡ್ಡ ಇರುವ ಕಡೆ. ಆದುದರಿಂದಲೇ ಫೇಡ್‌ನ ಅಂದ ಎರಡು ವಾರ ದಾಟುವುದಿಲ್ಲ. ಕತ್ತರಿಯಿಂದ ತೆಗೆದ ಮಧ್ಯಮ ಉದ್ದದ ಕ್ರಾಪು ಐದಾರು ವಾರ ತಾಳುತ್ತದೆ.

ಲೆಕ್ಕದ ಅನುಕೂಲಕ್ಕಾಗಿ ಸಾಧಾರಣ ಕ್ಷೌರಕ್ಕೆ 150 ರೂಪಾಯಿ, ಫೇಡ್‌ಗೆ 300 ರೂಪಾಯಿ ಎಂದು ಹಿಡಿಯೋಣ. ಐದು ವಾರಕ್ಕೊಮ್ಮೆಯಾದರೆ ವರ್ಷಕ್ಕೆ ಸುಮಾರು 10 ಬಾರಿ, 1,500 ರೂಪಾಯಿ. ಎರಡು ವಾರಕ್ಕೊಮ್ಮೆಯಾದರೆ 26 ಬಾರಿ, 7,800 ರೂಪಾಯಿ. ಪ್ರತಿ ಬಾರಿ ಹೋಗಿ, ಕಾದು, ಮಾಡಿಸಿ ಬರಲು ಒಂದು ಗಂಟೆ ಎಂದರೆ 10 ಗಂಟೆಗೆ ಬದಲು 26 ಗಂಟೆ. ಮಾಡಿಸಬಾರದೆಂದು ನಾನು ಹೇಳುತ್ತಿಲ್ಲ. ಹಣವೂ ಬಿಡುವೂ ಇದ್ದವರು ಧಾರಾಳವಾಗಿ ಮಾಡಿಸಲಿ. ಆದರೆ ಎರಡು ವಾರಕ್ಕೊಮ್ಮೆ ಹೋಗಲಾರದವನು ಆ ಶೈಲಿಯನ್ನು ಆರಿಸಿದರೆ, ವರ್ಷದಲ್ಲಿ ಬಹುಪಾಲು ದಿನ ಅವನ ತಲೆ ಅರ್ಧಕ್ಕೆ ನಿಂತ ಕಟ್ಟಡದಂತೆ ಇರುತ್ತದೆ. ಕ್ಷೌರ ಮಾಡಿಸಿದ ದಿನ ಹೇಗೆ ಕಾಣುತ್ತದೆ ಎಂಬುದಕ್ಕಿಂತ ಮೂವತ್ತನೆಯ ದಿನ ಹೇಗೆ ಕಾಣುತ್ತದೆ ಎಂಬುದೇ ಸರಿಯಾದ ಒರೆಗಲ್ಲು.

ತೆರಿಗೆಯ ಬಗ್ಗೆಯೂ ಒಂದು ಮಾತು. ಸಲೂನು, ಕ್ಷೌರದಂಗಡಿ ಮುಂತಾದವುಗಳ ಸೇವೆಯ ಮೇಲಿನ ಜಿ.ಎಸ್.ಟಿ. ದರವನ್ನು 22 ಸೆಪ್ಟೆಂಬರ್ 2025ರಿಂದ ಶೇ. 18ರಿಂದ ಶೇ. 5ಕ್ಕೆ ಇಳಿಸಲಾಯಿತು, ಜೊತೆಗೆ ಇನ್‌ಪುಟ್ ತೆರಿಗೆ ಜಮೆಯ ಸೌಲಭ್ಯವನ್ನೂ ತೆಗೆಯಲಾಯಿತು. 300 ರೂಪಾಯಿಯ ಸೇವೆಗೆ ತೆರಿಗೆ ಸೇರಿ 354 ಆಗುತ್ತಿದ್ದುದು 315 ಆಗಬೇಕು. ಆದರೆ ಬಾಡಿಗೆ, ಉಪಕರಣ, ಸಾಮಗ್ರಿಗಳ ಮೇಲೆ ಸಲೂನು ಕಟ್ಟುವ ತೆರಿಗೆ ಈಗ ಅದರ ವೆಚ್ಚಕ್ಕೇ ಸೇರುವುದರಿಂದ ಮೂಲ ದರ ತುಸು ಏರಿದ್ದರೆ ಅಚ್ಚರಿಯಿಲ್ಲ. ವಾರ್ಷಿಕ ವಹಿವಾಟು 20 ಲಕ್ಷ ರೂಪಾಯಿ ಮೀರದ ಕ್ಷೌರದಂಗಡಿಗೆ ನೋಂದಣಿಯ ಅಗತ್ಯವಿಲ್ಲದ್ದರಿಂದ, ನಮ್ಮ ಬೀದಿಯ ಅಂಗಡಿಗಳ ದರಕ್ಕೆ ಈ ಬದಲಾವಣೆ ನೇರವಾಗಿ ತಗುಲುವುದಿಲ್ಲ. ಇನ್ನು, ಅಂಗಡಿಯ ಯಜಮಾನನ ಕ್ಷೌರವನ್ನು ‘ವ್ಯಾಪಾರ ವೃದ್ಧಿ ವೆಚ್ಚ’ವೆಂದು ಬರೆಯಬಹುದೇ ಎಂದು ನಗುತ್ತ ಕೇಳುವವರಿದ್ದಾರೆ. ಅದು ವೈಯಕ್ತಿಕ ವೆಚ್ಚ, ಬರೆಯುವಂತಿಲ್ಲ.

ಕ್ಷೌರಿಕರೊಡನೆ ಮಾತು

ಇಷ್ಟೆಲ್ಲ ವಿಚಾರ ಮಾಡಿದ ಮೇಲೂ ಕುರ್ಚಿಯಲ್ಲಿ ಕುಳಿತು ‘ಮೀಡಿಯಂ ಮಾಡಿ’ ಎಂದು ಕಣ್ಣು ಮುಚ್ಚಿದರೆ ಪ್ರಯೋಜನವಿಲ್ಲ. ‘ಮಾಲು ಚೆನ್ನಾಗಿರಲಿ’ ಎಂದಷ್ಟೇ ಬರೆದು ಯಾರಾದರೂ ಖರೀದಿ ಆದೇಶ ಕೊಡುತ್ತಾರೆಯೇ? ಹೇಳಬೇಕಾದದ್ದು ನಾಲ್ಕು: ನೆತ್ತಿಯಲ್ಲಿ ಎಷ್ಟು ಬೆರಳು ಉದ್ದ ಉಳಿಯಬೇಕು, ಪಕ್ಕಕ್ಕೆ ಕತ್ತರಿಯೋ ಮಿಷಿನ್ನೋ, ಮಿಷಿನ್ನಾದರೆ ಎಷ್ಟನೆಯ ನಂಬರು, ಸೈಡ್‌ಲಾಕ್ ಕಿವಿಯ ಯಾವ ಮಟ್ಟಕ್ಕೆ, ಹಿಂದೆ ಚೌಕವೋ ಇಳಿಜಾರೋ. ಮಿಷಿನ್ನಿನ ನಂಬರು ಒಂದೊಂದಕ್ಕೂ ಸುಮಾರು 3 ಮಿಲಿಮೀಟರ್ ಎಂದು ತಿಳಿದಿದ್ದರೆ ಸಾಕು: ಒಂದನೆಯದು 3, ಎರಡನೆಯದು 6, ನಾಲ್ಕನೆಯದು 12ರ ಆಸುಪಾಸು. ಮುಂದಿನ ಕ್ಷೌರ ಎಷ್ಟು ವಾರಗಳ ಬಳಿಕ ಎಂಬುದನ್ನೂ ಹೇಳಿದರೆ ಅವರು ಅದಕ್ಕೆ ತಕ್ಕಂತೆ ಕತ್ತರಿ ಆಡಿಸುತ್ತಾರೆ. ಮದುವೆ, ಆಯುಧಪೂಜೆ, ದೀಪಾವಳಿಯ ಲಕ್ಷ್ಮೀಪೂಜೆಯ ಹಿಂದಿನ ದಿನ ಹೊಸ ಶೈಲಿಯ ಪ್ರಯೋಗ ಬೇಡ. ಬದಲಾಯಿಸುವುದಿದ್ದರೆ ಒಂದು ತಿಂಗಳು ಮುಂಚೆ ಬದಲಾಯಿಸಿ, ಹಬ್ಬಕ್ಕೆ ತಿದ್ದಿಸಿಕೊಳ್ಳಬೇಕು. ತಿರುಪತಿಯಲ್ಲಿ ಮುಡಿ ಕೊಟ್ಟು ಬಂದವರಿಗೆ ಕೂದಲು ಮೊದಲಿನಿಂದ ಬೆಳೆಯುವ ಮೂರು ತಿಂಗಳು ಹೊಸ ಕ್ರಾಪನ್ನು ರೂಪಿಸಿಕೊಳ್ಳಲು ಒಳ್ಳೆಯ ಅವಕಾಶ.

ಎಲ್ಲಕ್ಕಿಂತ ಮುಖ್ಯವಾಗಿ, ಒಬ್ಬರನ್ನೇ ನೆಚ್ಚಿಕೊಳ್ಳುವುದು ಲಾಭದಾಯಕ. ನಮ್ಮ ಸುಳಿ ಎಲ್ಲಿದೆ, ಯಾವ ಪಕ್ಕ ಬೇಗ ಬೆಳೆದಂತೆ ಕಾಣುತ್ತದೆ, ಹಣೆ ಎಷ್ಟು ಹಿಂದೆ ಸರಿದಿದೆ ಎಂಬುದನ್ನು ನಮಗಿಂತ ಚೆನ್ನಾಗಿ ಬಲ್ಲವರು ಅವರು. ನಮ್ಮ ತಲೆಯ ಹಿಂಭಾಗವನ್ನು ನಾವು ಕಂಡದ್ದೇ ಅವರು ಹಿಡಿದ ಕನ್ನಡಿಯಲ್ಲಿ. ಬಸವಣ್ಣನವರ ಒಡನಾಡಿಯಾಗಿದ್ದ ಹಡಪದ ಅಪ್ಪಣ್ಣನವರನ್ನು ತಮ್ಮ ಹಿರಿಯರೆಂದು ಗೌರವಿಸುವ ಸಮುದಾಯದ ವೃತ್ತಿ ಇದು. ಅವರೂ ನಮ್ಮಂತೆಯೇ ಬಾಡಿಗೆ, ವಿದ್ಯುತ್, ಸಂಬಳಗಳ ಭಾರ ಹೊತ್ತು ದುಡಿಯುವ ಸಣ್ಣ ಉದ್ಯಮಿಗಳು. ದುಡ್ಡು ಕೊಡುವಾಗ ಚೌಕಾಸಿ ಮಾಡುವುದು, ಅವರನ್ನು ಏಕವಚನದಲ್ಲಿ ಕರೆಯುವುದು, ಮಂಗಳವಾರದ ಅವರ ರಜೆಗೆ ಗೊಣಗುವುದು ಶೋಭೆಯಲ್ಲ. ಪ್ರತಿಯೊಬ್ಬರಿಗೂ ಹೊಸ ಬ್ಲೇಡು, ಒಗೆದ ಬಟ್ಟೆ ಕೇಳುವ ಹಕ್ಕು ನಮಗಿದೆ. ಅದರ ಬೆಲೆಯನ್ನು ತೆರುವ ಹೊಣೆಯೂ ನಮ್ಮದೇ.

ಮುಂದಿನ ಬಾರಿ ಹೋದಾಗ ಚಿತ್ರ ತೋರಿಸುವ ಮುನ್ನ ‘ನನ್ನ ತಲೆಗೆ ಏನು ಒಪ್ಪುತ್ತದೆ, ನೀವೇ ಹೇಳಿ’ ಎಂದು ಕೇಳಿ ನೋಡಬೇಕೆಂದು ಸದಸ್ಯ ಬಾಂಧವರಲ್ಲಿ ನನ್ನ ಸವಿನಯ ವಿನಂತಿ. ಕುರ್ಚಿಯ ಹಿಂದೆ ನಿಂತವರು ಒಂದು ಕ್ಷಣ ಕತ್ತರಿ ನಿಲ್ಲಿಸಿ ಯೋಚಿಸುತ್ತಾರೆ. ಆ ಸಲಹೆಗೆ ಅವರು ಪ್ರತ್ಯೇಕ ಶುಲ್ಕ ವಿಧಿಸುವುದಿಲ್ಲ.